ಎರಡು ಗಂಟೆಗೊಂದು ಮಗ್ಗುಲು

"ಮುಟ್ಟಬೇಡ ನನ್ನ! ಕೈ ತೆಗಿ ಅಂದೆ!"

ಅತ್ತೆಯ ಕೂಗಿಗೆ ಕಿಟಕಿಯಾಚೆ ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. ಸೊಸೆ ಚಾಚಿದ ಕೈಗಳನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತುಬಿಟ್ಟಳು. ಶನಿವಾರ, ಮಧ್ಯಾಹ್ನ ಹನ್ನೆರಡು. ಆಸ್ಪತ್ರೆಯಿಂದ ಊಟದ ಬಿಡುವಿನಲ್ಲಿ ಓಡಿಬಂದವಳ ಏದುಸಿರು ಇನ್ನೂ ಇಳಿದಿರಲಿಲ್ಲ. ಆಯಾಗಳ ನೀಲಿ ಕೋಟು ಬೆನ್ನಿಗೆ ಅಂಟಿಕೊಂಡಿತ್ತು.

"ಅತ್ತೆ... ಬೆಳಿಗ್ಗೆ ಆರಕ್ಕೆ ಹೊರಳಿಸಿದ್ದು. ಎಂಟಕ್ಕೆ ಈಗ ತಾನೇ ನಿದ್ದೆ ಹತ್ತಿದೆ ಅಂದ್ರಿ. ಹತ್ತಕ್ಕೆ ಓಡಿಬಂದ್ರೆ ಆಮೇಲೆ ಅಂದ್ರಿ. ಈಗ ಹನ್ನೆರಡು! ಒಂದೇ ಮಗ್ಗುಲಲ್ಲಿ ಹೀಗೇ ಇದ್ರೆ ಚರ್ಮ ಏನಾಗುತ್ತೆ ಗೊತ್ತಲ್ವಾ?"

"ನನ್ನ ಚರ್ಮ, ನನ್ನಿಷ್ಟ! ಹೋಗು, ನಿನ್ನ ಆಸ್ಪತ್ರೆಯೋರು ಕಾಯ್ತಿರ್ತಾರೆ. ಅವರನ್ನ ಹೊರಳಿಸು ಹೋಗು!"

"ಅತ್ತೆ, ಒಂದೇ ನಿಮಿಷ..."

"ಮುಟ್ಟಿದ್ರೆ ಕಿರುಚ್ತೀನಿ ನೋಡು! ಸೊಸೆ ಹೊಡೀತಾಳೆ ಅಂತ ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತೀನಿ!"

ಪಕ್ಕದ ಕೋಣೆಯಲ್ಲಿ ಗಂಡನ ಗೊರಕೆ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಅವನು ಬ್ರೆಡ್ ಗಾಡಿ ಓಡಿಸುವವನು. ಬೆಳಗಾಗುವ ಮೊದಲೇ ಬೇಕರಿಗೆ ಹೋಗಿ, ಅಂಗಡಿ ಅಂಗಡಿಗೂ ಬ್ರೆಡ್ ಹಾಕಿ, ಹನ್ನೊಂದಕ್ಕೆ ಮನೆಗೆ ಬಂದು ಮುಸುಕು ಹೊದ್ದರೆ ನಾಲ್ಕಕ್ಕೇ ಏಳುವುದು. ತಾಯಿಯ ಮಂಚಕ್ಕೂ ಅವನ ಮಂಚಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯನ್ನು ಅವನು ಆರು ವರ್ಷದಿಂದ ದಾಟಿರಲಿಲ್ಲ...

ಸೊಸೆ ಗೋಡೆಯ ಗಡಿಯಾರ ನೋಡಿದಳು. ವಾಪಸು ಓಡಲು ಎಂಟು ನಿಮಿಷ ಬೇಕು. ಅವಳಿಗೆ ಜಗಳವಾಡುವಷ್ಟು ಶಕ್ತಿಯೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಬಟ್ಟಲಲ್ಲಿದ್ದ ಗಂಜಿಯನ್ನು ಅತ್ತೆಯ ಎಡಗೈಗೆ ಎಟುಕುವಂತಿಟ್ಟು, ತಾನು ತಿನ್ನದೆಯೇ ಹೊರಟಳು.

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ 'ಗಡಿಯಾರಮ್ಮ' ಅನ್ನುತ್ತಿದ್ದರು. ಆ ಹೆಸರು ಬಂದದ್ದು ಈ ಓಟದಿಂದಲೇ. ಆರು ವರ್ಷದ ಹಿಂದೆ ಅತ್ತೆಗೆ ಪಾರ್ಶ್ವವಾಯು ಬಡಿದು ಬಲಭಾಗ ಪೂರ್ತಿ ಬಿದ್ದುಹೋಯಿತು. ಕೈಯಿಲ್ಲ, ಕಾಲಿಲ್ಲ, ಚಿವುಟಿದರೂ ಗೊತ್ತಾಗುವುದಿಲ್ಲ. ಹಾಗೆ ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣಾಗುತ್ತದೆ ಎಂದು ವಾರ್ಡಿನಲ್ಲಿ ದಿನವೂ ನೋಡುತ್ತಿದ್ದವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎಂಟಕ್ಕೆ ಹೊರಳಿಸಿ ಡ್ಯೂಟಿಗೆ ಓಟ, ಹತ್ತರ ಚಹಾ ಬಿಡುವಿಗೆ ಮನೆಗೆ ಓಟ, ಹನ್ನೆರಡರ ಊಟಕ್ಕೆ ಓಟ, ಎರಡಕ್ಕೆ ಡ್ಯೂಟಿ ಮುಗಿಸಿ ಓಟ! ರಾತ್ರಿಗೆ ಅಲಾರಂ. ಆರು ವರ್ಷದಲ್ಲಿ ಅವಳು ಒಂದು ದಿನವೂ ಚಹಾ ಬಿಡುವಿನಲ್ಲಿ ಚಹಾ ಕುಡಿದಿರಲಿಲ್ಲ. ಅತ್ತೆಯ ಮೈಮೇಲೆ ಆರು ವರ್ಷದಲ್ಲಿ ಒಂದೇ ಒಂದು ಹುಣ್ಣೂ ಆಗಿರಲಿಲ್ಲ! ನೋಡಲು ಬಂದ ಡಾಕ್ಟರೇ ಒಮ್ಮೆ ಬೆನ್ನು ಸವರಿ, "ಇದು ಮಗುವಿನ ಬೆನ್ನಮ್ಮ!" ಅಂದಿದ್ದರು. ಅತ್ತೆ ಮಾತ್ರ, "ನನ್ನ ಮೈಯೇ ಅಂಥದ್ದು. ನಮ್ಮ ತವರಿನ ಕಡೆ ಎಲ್ಲರದ್ದೂ ಹೀಗೇ," ಎಂದು ಮುಖ ತಿರುಗಿಸಿದ್ದರು.

ಪ್ರತಿ ಸಲ ಹೊರಳಿಸುವಾಗಲೂ ಅವಳದ್ದೊಂದು ಪುಟ್ಟ ಪ್ರಾರ್ಥನೆ ಇತ್ತು. ಒಂದು ಕೈ ಅತ್ತೆಯ ಭುಜದ ಮೇಲೆ, ಒಂದು ಕೈ ಸೊಂಟದ ಮೇಲೆ. "ಕರ್ತನೇ... ನನ್ನ ಕೈಗೆ ಬಲ ಕೊಡು... ಅತ್ತೆಗೆ ನೋವಾಗದಿರಲಿ... ನನ್ನ ಆಸೆ ನಿನಗೆ ಗೊತ್ತು." ಮೂರನೆಯ ಮಾತಿಗೆ ಸರಿಯಾಗಿ ಅತ್ತೆಯ ಮೈ ಉರುಳಿ ಇನ್ನೊಂದು ಮಗ್ಗುಲಿಗೆ ಬರುತ್ತಿತ್ತು. ಆಗ ಅತ್ತೆ, ಎಷ್ಟೇ ಸಿಟ್ಟಿದ್ದರೂ, ಸೊಟ್ಟಗಾದ ಬಾಯಲ್ಲೇ "ಆಮೆನ್" ಅನ್ನುತ್ತಿದ್ದರು. "ಪ್ರಾರ್ಥನೆಗೆ ಆಮೆನ್ ಹೇಳದೆ ಬಿಡೋದು ಅಂದ್ರೆ ಬಾಗಿಲು ಹಾಕ್ದೆ ಮಲಗಿದ ಹಾಗೆ," ಎಂಬುದು ಅವರ ಮಾತು. ಬಯ್ಗುಳ, ಆಮೆನ್, ಮತ್ತೆ ಬಯ್ಗುಳ. ಆ ಮನೆಯ ದಿನಚರಿ ಅದು.

ಅವಳ ಆಸೆ ಏನೆಂದು ಮನೆಯಲ್ಲಿ, ವಾರ್ಡಿನಲ್ಲಿ, ಚರ್ಚಿನ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನರ್ಸ್ ಆಗಬೇಕು! ನೀಲಿ ಕೋಟು ಕಳಚಿ ಬಿಳಿ ಸಮವಸ್ತ್ರ ಹಾಕಬೇಕು! ಮೂರು ಸಲ ಅರ್ಜಿ ಹಾಕಿದ್ದಳು, ಮೂರು ಸಲವೂ ಇಲ್ಲ ಎಂದಿದ್ದರು. ಈಗ ಅವಳಿಗೆ ನಲವತ್ತನಾಲ್ಕು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ನಲವತ್ತೈದರವರೆಗೆ ತರಬೇತಿಗೆ ಅವಕಾಶವಿತ್ತು. ಹಾಗಾಗಿ ಇದೇ ಕಡೆಯ ಸಲ.

"ತನ್ನ ಜನರನ್ನ ದಾಟಿಸೋಕೆ ಸಮುದ್ರಾನೇ ಎರಡು ಪಾಲು ಮಾಡಿದ ದೇವರಿಗೆ ಒಂದು ಸೀಟು ಹೆಚ್ಚಾ? ನಂಬಿಕೆ ಇಡಮ್ಮ," ಎಂದು ಪಾಸ್ಟರಮ್ಮ ಅರ್ಜಿ ತುಂಬಿಸುವಾಗ ಹೇಳಿದ್ದರು. ಹಾಸಿಗೆಯಿಂದ ಅತ್ತೆ ತಕ್ಷಣ ಬಾಯಿ ಹಾಕಿದ್ದರು. "ಸಮುದ್ರ ಎರಡು ಪಾಲು ಮಾಡ್ದ, ಸರಿ. ಆದ್ರೆ ಅವತ್ತು ನಡ್ಕೊಂಡು ದಾಟಿದೋರ ಯಾರ ಮನೇಲೂ ಹಾಸಿಗೆ ಹಿಡಿದಿರೋ ಅತ್ತೆ ಇರ್ಲಿಲ್ಲ!" ಪಾಸ್ಟರಮ್ಮನಿಗೆ ನಗಬೇಕೋ ಬೇಡವೋ ಗೊತ್ತಾಗದೆ ಕೆಮ್ಮಿದ್ದರು.

ಅತ್ತೆಯ ಮಾತಿನಲ್ಲಿ ನಿಜವಿತ್ತು. ತರಬೇತಿ ಒಂದೂವರೆ ವರ್ಷ, ಬೇರೆ ಊರಲ್ಲಿ. ಹಾಸ್ಟೆಲಿನಲ್ಲೇ ಇರಬೇಕು. ಅಷ್ಟು ದಿನ ಅತ್ತೆಯನ್ನು ನೋಡಿಕೊಳ್ಳುವವರು ಯಾರು? ಆ ಪ್ರಶ್ನೆ ಬಂದಾಗಲೆಲ್ಲ ಗಡಿಯಾರಮ್ಮ, "ಸೀಟು ಕೊಡೋನು ದಾರೀನೂ ಕೊಡ್ತಾನೆ," ಎಂದು ತನಗೆ ತಾನೇ ಹೇಳಿಕೊಂಡು ಬೇರೆ ಕೆಲಸಕ್ಕೆ ಕೈ ಹಾಕುತ್ತಿದ್ದಳು.

ಈ ಮಂಗಳವಾರ ವಾರ್ಡಿನ ಇಬ್ಬರು ಚಿಕ್ಕ ವಯಸ್ಸಿನ ಆಯಾಗಳ ಮನೆಗೆ ತರಬೇತಿ ಶಾಲೆಯ ಪತ್ರ ಬಂತು. ಆಯ್ಕೆಯಾದವರಿಗೆ ಮಾತ್ರ ಪತ್ರ. ಅದನ್ನು ಶನಿವಾರ ಸಂಜೆ ನಾಲ್ಕರೊಳಗೆ ಆಸ್ಪತ್ರೆಯ ಕಚೇರಿಯಲ್ಲಿ ತೋರಿಸಿ ಸಹಿ ಹಾಕಿಸಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ. ಅವಳು ಆ ಹುಡುಗಿಯರನ್ನು ತಬ್ಬಿಕೊಂಡು ಹರಸಿದಳು. ಸಂಜೆ ಅತ್ತೆಯನ್ನು ಹೊರಳಿಸುವಾಗ, "ಕರ್ತನೇ... ನನಗೂ ಒಂದು ಉತ್ತರ ಕೊಡು," ಎಂದಳು. ಅತ್ತೆ ಆಮೆನ್ ಅನ್ನಲಿಲ್ಲ. ಬುಧವಾರವೂ ಇಲ್ಲ. ಗುರುವಾರವೂ ಇಲ್ಲ. ಶುಕ್ರವಾರ ಅವಳ ದನಿಯೇ ಉಡುಗಿಹೋಗಿತ್ತು. "ಬೇಡ ಅನ್ನೋದೇ ನಿನ್ನ ಉತ್ತರ ಆದ್ರೆ... ಅದನ್ನ ತಡ್ಕೊಳ್ಳೋ ಶಕ್ತಿ ಕೊಡು ಸ್ವಾಮಿ..." ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದರು. ಕಣ್ಣಂಚಿನಿಂದ ನೀರು ಇಳಿಯಿತು. ಬಿದ್ದುಹೋದ ಬಲಗಣ್ಣು ಯಾವಾಗಲೂ ಸೋರುತ್ತದಲ್ಲ ಎಂದುಕೊಂಡು ಅವಳು ಸೆರಗಿನ ತುದಿಯಲ್ಲಿ ಒರೆಸಿದಳು. ಸೋರುತ್ತಿದ್ದದ್ದು ಎಡಗಣ್ಣು ಎಂದು ಗಮನಿಸುವಷ್ಟು ಎಚ್ಚರ ಆ ಸುಸ್ತಿನಲ್ಲಿ ಇರಲಿಲ್ಲ.

ಶನಿವಾರ ಎರಡು ಗಂಟೆ ಎಂಟು ನಿಮಿಷಕ್ಕೆ ಗಡಿಯಾರಮ್ಮ ಮನೆಯ ಬಾಗಿಲು ತೆಗೆದಳು. ಗಂಜಿ ಇಟ್ಟ ಹಾಗೇ ಇತ್ತು, ಮೇಲೆ ಕೆನೆಗಟ್ಟಿತ್ತು. ಅತ್ತೆಯ ಮುಖ ಬಿಳಿಚಿಕೊಂಡಿತ್ತು.

"ಈಗ ನೀವು ಏನಂದ್ರೂ ಕೇಳಲ್ಲ ಅತ್ತೆ. ಕಿರುಚೋದಿದ್ರೆ ಕಿರುಚಿ," ಎಂದು ಕೋಟಿನ ತೋಳು ಮಡಚಿದಳು.

ಅತ್ತೆ ಕಿರುಚಲಿಲ್ಲ. ಎಡಗೈಯಿಂದ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಭುಜಕ್ಕೊಂದು ಕೈ, ಸೊಂಟಕ್ಕೊಂದು ಕೈ ಕೊಟ್ಟು ಅವಳು ಉರುಳಿಸಿದಳು.

ಬಲಸೊಂಟದ ಕೆಳಗೆ ಒಂದು ದಪ್ಪ ಲಕೋಟೆ, ಬೆವರಿಗೆ ನೆನೆದು ಮೈಗೇ ಅಂಟಿಕೊಂಡಿತ್ತು! ಮೇಲೆ ತರಬೇತಿ ಶಾಲೆಯ ಮುದ್ರೆ, ಕೆಳಗೆ ಅವಳದೇ ಹೆಸರು...

ಅವಳು ಅದನ್ನು ಮೈಯಿಂದ ನಿಧಾನವಾಗಿ ಬಿಡಿಸಿದಳು. ಓದಲಿಲ್ಲ. ಲಕೋಟೆಯನ್ನು ಹಾಸಿಗೆಯ ಮೂಲೆಗೆ ಎಸೆದು ಅದು ಇದ್ದ ಜಾಗವನ್ನು ನೋಡಿದಳು. ಸೊಂಟದ ಮೂಳೆಯ ಮೇಲೆ ಅಂಗೈಯಷ್ಟು ಅಗಲ ಕೆಂಪಾಗಿತ್ತು. ಲಕೋಟೆಯ ಮೂಲೆ ಒತ್ತಿದ ಕಡೆ ಚರ್ಮ ಕಿತ್ತಿತ್ತು. ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟಳು. ಒಳ್ಳೆಯ ಚರ್ಮವಾದರೆ ಒತ್ತಿದ ಕಡೆ ಒಂದು ಕ್ಷಣ ಬೆಳ್ಳಗಾಗಬೇಕು. ಆಗಲಿಲ್ಲ. ಮತ್ತೆ ಒತ್ತಿದಳು. ಕೆಂಪು ಕೆಂಪಾಗಿಯೇ ಉಳಿಯಿತು.

"ಹುಣ್ಣು... ಅಯ್ಯೋ, ಹುಣ್ಣಾಗೋಯ್ತಲ್ಲ!" ಅವಳು ನೆಲಕ್ಕೆ ಕುಸಿದು ಮಂಚದ ಕಾಲಿಗೆ ಹಣೆ ಹಚ್ಚಿ ಬಿಕ್ಕಿದಳು. "ಆರು ವರ್ಷ ಅತ್ತೆ... ಆರು ವರ್ಷ ಒಂದು ಹುಣ್ಣು ಆಗೋಕೆ ಬಿಟ್ಟಿರಲಿಲ್ಲ ನಾನು! ಜ್ವರ ಬಂದಾಗ್ಲೂ ಬಿಟ್ಟಿರಲಿಲ್ಲ, ನಮ್ಮಪ್ಪ ತೀರಿಕೊಂಡ ದಿನಾನೂ ಬಿಟ್ಟಿರಲಿಲ್ಲ! ಒಂದೇ ದಿನಕ್ಕೆ ಎಲ್ಲ ಹಾಳು ಮಾಡ್ಕೊಂಡ್ರಲ್ಲ!"

ಅತ್ತೆ ಬಯ್ಗುಳಕ್ಕೆ ತಯಾರಾಗಿದ್ದರು. ಶಾಪಕ್ಕೂ ತಯಾರಾಗಿದ್ದರು. ಇದಕ್ಕೆ ಮಾತ್ರ ತಯಾರಾಗಿರಲಿಲ್ಲ.

"ಪತ್ರ... ಪತ್ರ ನೋಡೇ ಮೊದ್ಲು," ಎಂದರು.

"ಪತ್ರಕ್ಕೆ ಬೆಂಕಿ ಬೀಳ್ಲಿ! ಮೊದ್ಲು ಗಾಯ ತೊಳೀಬೇಕು."

ಬಿಸಿನೀರು ತಂದಳು, ಹತ್ತಿ ತಂದಳು. ತೊಳೆಯುತ್ತಿದ್ದ ಅವಳ ಕೈಯನ್ನು ಅತ್ತೆ ಎಡಗೈಯಿಂದ ತಡಕಿ ಹಿಡಿದರು. "ಮಂಗಳವಾರ ಅಂಚೆಯೋನು ಕಿಟಕೀಲಿ ಕೊಟ್ಟುಹೋದ. ದಿಂಬಿನ ಕವರ್ ಒಳಗೆ ತುರುಕಿಟ್ಕೊಂಡಿದ್ದೆ. ಇವತ್ತು ಶನಿವಾರ, ನೀನು ಕವರ್ ಬಿಚ್ಚೋ ದಿನ... ಬೆಳಿಗ್ಗೆ ನೀನು ಒಗೆದಿರೋ ಕವರ್ ತರೋಕೆ ಒಳಗೆ ಹೋದಾಗ ಎಳೆದು ಕೆಳಗೆ ಹಾಕ್ಕೊಂಡೆ. ನಾಲ್ಕು ಗಂಟೆ ಆಗಿಬಿಟ್ರೆ ಸಾಕಿತ್ತು ನಂಗೆ..."

"ಯಾಕತ್ತೆ? ನಾನು ನಿಮಗೆ ಏನು ಮಾಡಿದ್ದೆ?"

"ನೀನು ಹೋದ್ರೆ ನನ್ನ ಹೊರಳಿಸೋರು ಯಾರೇ? ಹುಳ ಬಿದ್ದು ಸಾಯ್ಬೇಕಾ ನಾನು?" ಮುದುಕಿ ಮಗುವಿನ ಹಾಗೆ ಅತ್ತುಬಿಟ್ಟರು. "ನೀನು ನಿನ್ನಾಸೆ ಅಂತ ಬೇಡ್ಕೊಂಡಾಗಲೆಲ್ಲ ನಾನು ಒಳಗೊಳಗೇ, ಬೇಡ ಸ್ವಾಮಿ, ಕೊಡಬೇಡ ಸ್ವಾಮಿ ಅಂತಿದ್ದೆ. ಮೂರು ಸಲ ನನ್ನ ಮಾತು ನಡೀತು. ಈ ಸಲ ನಿನ್ನ ಮಾತೇ ಕೇಳ್ಬಿಟ್ಟ ಅವನು! ನೀನು ಉತ್ತರ ಕೊಡು ಉತ್ತರ ಕೊಡು ಅಂತ ನನ್ನ ತಲೆ ಮೇಲೆ ನಿಂತು ಅಳ್ತೀಯ... ಉತ್ತರ ನನ್ನ ದಿಂಬಿನೊಳಗೇ ಇದೆ. ಹೇಗೆ ಅನ್ನಲೇ ನಾನು ಆಮೆನ್?"

ಗಡಿಯಾರಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಗಾಯಕ್ಕೆ ಹತ್ತಿಬಟ್ಟೆ ಕಟ್ಟಿ, ಅತ್ತೆಯನ್ನು ಅಂಗಾತ ಮಲಗಿಸಿದ ಮೇಲೆ ಲಕೋಟೆಯನ್ನು ಒಡೆದಳು. ಒಳಗಿನ ಕಾಗದವೂ ನೆನೆದಿತ್ತು. ಅಕ್ಷರ ಹರಡಿತ್ತು, ಆದರೂ ಓದಬಹುದಿತ್ತು. ಆಯ್ಕೆಯಾಗಿದ್ದೀರಿ. ಒಂದೇ ಸಾಲು... ಹದಿನೈದು ದಿನದಲ್ಲಿ ಹಾಸ್ಟೆಲಿಗೆ ಬರಬೇಕು. ಮೂರು ಸಲ ಓದಿದಳು. ಕುಣಿಯಬೇಕು ಅನ್ನಿಸಲಿಲ್ಲ, ಕೂಗಬೇಕು ಅನ್ನಿಸಲಿಲ್ಲ. ಕಾಲು ನೋಯುತ್ತಿತ್ತು.

ಗಡಿಯಾರ ಮೂರು ತೋರಿಸುತ್ತಿತ್ತು.

"ಹೋಗೇ, ಇನ್ನೂ ಒಂದು ಗಂಟೆ ಇದೆ," ಎಂದರು ಅತ್ತೆ.

"ನಾನು ಹೋಗಲ್ಲ." ಪತ್ರ ಮಡಚಿ ಕಿಟಕಿಯ ಮೇಲಿಟ್ಟಳು. "ಈ ಹುಣ್ಣು ಆಳಕ್ಕಿಳಿದ್ರೆ ತಿಂಗಳುಗಟ್ಟಲೆ ಮಾಯಲ್ಲ. ನಾನು ಇಲ್ದಿದ್ರೆ... ವಾರ್ಡಲ್ಲಿ ಎಂಥೆಂಥವರನ್ನ ನೋಡಿದೀನಿ ನಾನು. ಬಿಡಿ ಅತ್ತೆ. ಕರ್ತ ಕೊಟ್ಟ, ನಾನು ಕಣ್ಣಾರೆ ನೋಡಿದೆ. ಅಷ್ಟು ಸಾಕು."

"ಏನು ಸಾಕು?" ಅತ್ತೆ ಸೊಟ್ಟ ಬಾಯಲ್ಲೇ ಗುಡುಗಿದರು. "ನಾನು ಮಾಡಿದ ಪಾಪದ ಮೇಲೆ ನೀನು ಇನ್ನೊಂದು ಮೂಟೆ ಹೊರಿಸಬೇಡ! ಹುಣ್ಣಾಗಿ ಸತ್ರೂ ಸಾಯ್ತೀನಿ, ನಿನ್ನ ಕನಸಿನ ಮೇಲೆ ಮಲ್ಕೊಂಡು ಸಾಯಲ್ಲ!"

ಆಗ ಬಾಗಿಲಲ್ಲಿ ನೆರಳು ಕಂಡಿತು. ಬ್ರೆಡ್ ಗಾಡಿಯವನು. ಎಷ್ಟು ಹೊತ್ತಿನಿಂದ ನಿಂತಿದ್ದನೋ! ಕೆದರಿದ ತಲೆ, ಹಿಟ್ಟು ಮೆತ್ತಿದ ಅಂಗಿ. ಆರು ವರ್ಷದ ಹಿಂದೆ, ತಾಯಿ ಮಲಗಿದ ಮೊದಲ ವಾರ, ಅವನು ಅವರನ್ನು ಎತ್ತಲು ಹೋಗಿ ಕೈಜಾರಿ ಕೆಡವಿದ್ದ. ಭುಜದ ಮೂಳೆ ಮುರಿದ ಆ ಸದ್ದು ಅವನ ಕಿವಿಯಿಂದ ಹೋಗಿರಲಿಲ್ಲ. ಅಂದಿನಿಂದ ಅವನು ಈ ಕೋಣೆಯ ಹೊಸಿಲಲ್ಲೇ ನಿಂತು, "ಊಟ ಆಯ್ತಾಮ್ಮ?" ಎಂದು ಕೇಳಿ ಹೋಗುತ್ತಿದ್ದ. ಅವರೂ ಹೊಸಿಲಿಗೇ ಉತ್ತರ ಕೊಡುತ್ತಿದ್ದರು.

"ಲೋ, ಬಾರೋ ಒಳಗೆ," ಎಂದರು ತಾಯಿ.

ಅವನು ಅಲುಗಲಿಲ್ಲ. "ನಂಗೆ ಆಗಲ್ಲಮ್ಮ... ಕೈ ನಡುಗುತ್ತೆ..."

"ನಡುಗ್ಲಿ! ನನ್ನದು ಒಂದು ಕೈ ಸತ್ತೇ ಹೋಗಿದೆ, ನಾನು ಬದುಕಿಲ್ವಾ? ಬಾರೋ ಕತ್ತೆ! ಅವಳು ಹೋಗ್ಬೇಕು. ನೀನು ಕಲೀಬೇಕು."

ಅವನು ಹೆಂಡತಿಯ ಮುಖ ನೋಡಿದ. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅವಳನ್ನು ಅಷ್ಟು ಹೊತ್ತು ನೋಡಿರಲಿಲ್ಲವೇನೋ... ಕಣ್ಣ ಕೆಳಗಿನ ಕಪ್ಪು, ಸವೆದ ಚಪ್ಪಲಿ, ಬೆವರಿಗೆ ಬಣ್ಣ ಹೋದ ಕೋಟು. "ನೀನು ದಿನಾ ಹನ್ನೆರಡಕ್ಕೆ ಓಡಿಬರೋವಾಗ... ನಂಗೆ ಎಚ್ಚರ ಇರ್ತಿತ್ತು ಕಣೆ," ಎಂದ. ಅಷ್ಟು ಹೇಳಲು ಅವನಿಗೆ ಬಹಳ ಕಷ್ಟವಾಯಿತು. "ಎಚ್ಚರ ಇದ್ರೂ ಗೊರಕೆ ಹೊಡೀತಿದ್ದೆ."

"ಗೊತ್ತು," ಎಂದಳು ಅವಳು. "ನಿಜವಾದ ಗೊರಕೆ ಬೇರೆ ಥರ ಇರುತ್ತೆ."

ಅತ್ತೆಗೆ ನಗು ಬಂತು, ಅಳುವಿನ ನಡುವೆಯೇ ಕಿಸಕ್ಕೆಂದರು.

ಅವನು ಹೊಸಿಲು ದಾಟಿ ಬಂದ. ಹೆಂಡತಿ ಅವನ ಕೈಗಳನ್ನು ಹಿಡಿದು ಒಂದನ್ನು ತಾಯಿಯ ಭುಜದ ಮೇಲೆ, ಒಂದನ್ನು ಸೊಂಟದ ಮೇಲೆ, ಗಾಯಕ್ಕೆ ತಾಗದಂತೆ ಇಟ್ಟಳು. "ಎಳೀಬೇಡಿ, ಎತ್ತಬೇಡಿ. ಉರುಳಿಸಬೇಕು ಅಷ್ಟೇ. ಮೊದ್ಲು ಈ ಮಂಡಿ ಮಡಚಿ... ಹಾಂ. ಈಗ ಹೇಳಿ. ಕರ್ತನೇ, ನನ್ನ ಕೈಗೆ ಬಲ ಕೊಡು..."

"ಕರ್ತನೇ... ನನ್ನ ಕೈಗೆ..." ಅವನು ಒಮ್ಮೆಗೇ ಜೋರಾಗಿ ನೂಕಿದ.

"ಹಿಟ್ಟಿನ ಮೂಟೆ ಅಂದ್ಕೊಂಡಿದೀಯಾ? ಮೆಲ್ಲಗೆ!"

"ಬಲ ಕೊಡು... ಅಮ್ಮನಿಗೆ ನೋವಾಗದಿರಲಿ..."

"ಆಗ್ಲೇ ಆಯ್ತು! ಉಗುರು ಕತ್ತರಿಸ್ಕೊಳ್ಳೋ!"

ಮೈ ಅರ್ಧಕ್ಕೆ ಬಂದು ನಿಂತಿತು. ಅವನು ಹೆದರಿ ಹೆಂಡತಿಯ ಕಡೆ ತಿರುಗಿದ. ಅವಳು ಕೈ ಹಾಕಲಿಲ್ಲ. ಕೈ ಹಾಕದಿರುವುದೇ ಆ ಕ್ಷಣದಲ್ಲಿ ಅವಳಿಗೆ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ತನ್ನ ಎರಡು ಕೈಗಳನ್ನೂ ಕೋಟಿನ ಜೇಬಿಗೆ ತುರುಕಿಕೊಂಡು, "ಮೂರನೇ ಮಾತು ಹೇಳಿಲ್ಲ ನೀವು," ಎಂದಳಷ್ಟೇ.

"ನನ್ನ... ನನ್ನ ಹೆಂಡತಿ ಆಸೆ ನಿನಗೆ ಗೊತ್ತು," ಎಂದ ಅವನು.

ತಾಯಿಯ ಮೈ ಎಡಮಗ್ಗುಲಿಗೆ ಉರುಳಿ ಗೋಡೆಯ ಕಡೆಗೆ ಬಂತು. ಬೀಳಲಿಲ್ಲ. ಏನೂ ಮುರಿಯಲಿಲ್ಲ. ಅವನು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಾ ನಿಂತ.

ಮೂರು ನಲವತ್ತೇಳು. ಕಿಟಕಿಯ ಮೇಲಿದ್ದ ಪತ್ರವನ್ನು ಅವನೇ ತಂದು ಅವಳ ಕೈಗಿಟ್ಟ.

ಅವಳು ಓಡಿದಳು! ಆರು ವರ್ಷ ಅತ್ತೆಗಾಗಿ ಓಡಿದ ದಾರಿಯಲ್ಲಿ ಇಂದು ತನಗಾಗಿ ಓಡಿದಳು. ಕಚೇರಿಯ ಗುಮಾಸ್ತ ಆಗಲೇ ಕಪಾಟಿಗೆ ಬೀಗ ಹಾಕುತ್ತಿದ್ದ. ಪತ್ರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಮೂಗು ಮುರಿದ. "ಏನಮ್ಮ ಇದು, ಒಗೆಯೋಕೆ ಹಾಕಿದ್ದಾ?"

"ಇಲ್ಲ ಸಾರ್. ನಮ್ಮತ್ತೆ... ಜೋಪಾನವಾಗಿ ಇಟ್ಟಿದ್ರು."

ಗುಮಾಸ್ತ ಗಡಿಯಾರ ನೋಡಿದ, ಅವಳ ಮುಖ ನೋಡಿದ, ಮತ್ತೆ ಗಡಿಯಾರ ನೋಡಿದ. "ಗಡಿಯಾರಮ್ಮ ಅನ್ನೋ ಹೆಸರು ಇಟ್ಕೊಂಡು ಕಡೇ ಐದು ನಿಮಿಷಕ್ಕೆ ಬರ್ತೀರಲ್ರಿ," ಎಂದು ಗೊಣಗುತ್ತಲೇ ಮುದ್ರೆ ಒತ್ತಿದ.

ಮನೆಗೆ ಬರುವಾಗ ಅವಳು ಓಡಲಿಲ್ಲ. ಓಡಲು ಕಾಲೇ ಬರಲಿಲ್ಲ. ಕನಸು ಕೈಗೂಡಿದ ದಿನ ಹೀಗೆ ಮೈಯೆಲ್ಲ ಸೋತು ಬರುತ್ತದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ದಾರಿಯಲ್ಲಿ ಸ್ತೋತ್ರ ಹೇಳಬೇಕೆಂದು ಬಾಯಿ ತೆರೆದಳು. ಬಂದದ್ದು ಒಂದೇ ಮಾತು, "ಅಪ್ಪಾ..." ಅಷ್ಟರಲ್ಲೇ ಎಲ್ಲವೂ ಇತ್ತು. ಮುಂದೆ ಇನ್ನೂ ಒಂದೂವರೆ ವರ್ಷ. ಇಪ್ಪತ್ತರ ಹುಡುಗಿಯರ ನಡುವೆ ಕೂತು ಓದಬೇಕು. ಆ ಹುಣ್ಣು ಮಾಯುತ್ತದೋ ಇಲ್ಲವೋ... ಹೊರಡಲು ಉಳಿದಿರುವುದು ಹದಿನೈದೇ ದಿನ. ಅಷ್ಟರಲ್ಲಿ ಗಂಡನಿಗೆ ಎಲ್ಲವನ್ನೂ ಕಲಿಸಬೇಕು. ಅವನು ಗಾಡಿ ಓಡಿಸುವ ಹೊತ್ತಿಗೆ ಒಬ್ಬರನ್ನು ಹುಡುಕಬೇಕು. ಪಾಸ್ಟರಮ್ಮನನ್ನೇ ಕೇಳಬೇಕು, ಸಮುದ್ರದ ಮಾತಾಡಿದವರು ಅವರೇ ಅಲ್ಲವೇ!

ಮನೆಯಲ್ಲಿ ಗಂಡ ಚಹಾ ಮಾಡಿಟ್ಟಿದ್ದ. ನೀರು ಹೆಚ್ಚು, ಸಕ್ಕರೆ ಇನ್ನೂ ಹೆಚ್ಚು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎರಡು ಕೈಯಲ್ಲೂ ಲೋಟ ಹಿಡಿದುಕೊಂಡಳು. ಬಿಸಿ ಆರುವ ಮೊದಲೇ ಕುಡಿಯುವುದು ಎಷ್ಟೋ ಕಾಲಕ್ಕೆ ಮೊದಲ ಸಲ. ಒಂದೊಂದೇ ಗುಟುಕು ಕುಡಿಯುತ್ತಾ ಕೂತವಳಿಗೆ ಕೂತಲ್ಲೇ ಕಣ್ಣು ಎಳೆಯಿತು.

ಗೋಡೆಯ ಗಡಿಯಾರ ಆರು ಹೊಡೆಯಿತು. ಅವಳ ಮೈ ತಾನಾಗಿಯೇ ಎದ್ದು ನಿಂತಿತು. ಲೋಟ ಕೆಳಗಿಟ್ಟು ಹೆಜ್ಜೆ ಇಡುವಷ್ಟರಲ್ಲಿ ಒಳಗಿನ ಕೋಣೆಯಿಂದ ದನಿ ಕೇಳಿತು.

"ಮಂಡಿ ಮೊದ್ಲು ಮಡಚೋ! ಅವಳು ಹೇಳಿದ್ದು ಆಗ್ಲೇ ಮರ್ತೋಯ್ತಾ?"

"ಸುಮ್ನಿರಮ್ಮ, ಮಾತು ತಪ್ಪಿಹೋಗುತ್ತೆ. ಕರ್ತನೇ... ನನ್ನ ಕೈಗೆ ಬಲ ಕೊಡು..."

ಗಡಿಯಾರಮ್ಮ ಮತ್ತೆ ಸ್ಟೂಲಿನ ಮೇಲೆ ಕೂತಳು. ಗೋಡೆಗೆ ತಲೆ ಆನಿಸಿದಳು. ಒಂದನೇ ಮಾತು. ಎರಡನೇ ಮಾತು. ಮಂಚ ಕಿರ್ರೆಂದಿತು. ಮೂರನೇ ಮಾತು ಗಂಡನ ಬಾಯಲ್ಲಿ ಎಷ್ಟು ಮೆಲ್ಲಗಿತ್ತೆಂದರೆ ಅವಳಿಗೆ ಕೇಳಿಸಲಿಲ್ಲ.

ಅವಳು ಉಸಿರು ಬಿಗಿಹಿಡಿದು ಕಾದಳು...

"ಆಮೆನ್," ಎಂದರು ಅತ್ತೆ. ಅಡುಗೆಮನೆಗೆ ಕೇಳಲೆಂದೇ ಇನ್ನೊಮ್ಮೆ, ದೊಡ್ಡದಾಗಿ ಎಂದರು. "ಆಮೆನ್!"